ಮೀನಿನ ತೊಟ್ಟಿಯ ಪಂಚಮ

"ನಿಮ್ಮನ್ಯಾಗ ರಾತ್ರೆಲ್ಲಾ ಶ್ರುತಿ ಹಿಡ್ಕೊಂಡು ಕುಂತೋರು ಯಾರೋ ತಮ್ಮಾ?"

ಗೋಡೆಯಾಚೆಯಿಂದ ಪಕ್ಕದ ಮನೆಯ ಕಾಕಾ ಹೀಗೆ ಕೇಳಿದ್ದು ಯುಗಾದಿ ಆಗಿ ಹದಿನೈದು ದಿನಕ್ಕೆ. ಬ್ಯಾಸಗಿ ಬಂತೆಂದರೆ ನಮ್ಮ ರಾಯಚೂರು ಸೀಮೆಯ ಕಲ್ಲೂರಲ್ಲಿ ಒಳಗೆ ಮಲಗುವವರು ಕಡಿಮೆ. ಹೊರಸು ಅಂಗಳಕ್ಕೆ ಬರುತ್ತದೆ, ಹಾಸಿಗೆ ಮಾಳಿಗೆಗೆ ಏರುತ್ತದೆ. ಕಾಕಾನ ಹೊರಸು ಬೇವಿನ ಗಿಡದ ಬುಡಕ್ಕೆ, ನಮ್ಮ ಪಡಸಾಲೆಯ ಕಿಟಕಿಗೆ ಹತ್ತು ಹೆಜ್ಜೆ ದೂರ. ಆ ಕಿಟಕಿಯ ಒಳಗೆ ನನ್ನ ಮಗಳ ಮೀನಿನ ತೊಟ್ಟಿ. ತೊಟ್ಟಿಯೊಳಗೆ ಪಂಪು. ಇನ್ನು ಹೇಳಬೇಕಾದ್ದೇನಿದೆ, ಕಾಕಾನ ಕಿವಿ ಅಂಥಿಂಥದ್ದಲ್ಲ. ನಲವತ್ತು ವರ್ಷ ಭಜನಿ ಮಂಡಳಿಯಲ್ಲಿ ಪೇಟಿ ಬಾರಿಸಿದ ಮನುಷ್ಯ. ಸೊಳ್ಳೆ ಹಾರಿದರೂ ಅದು ಯಾವ ಸ್ವರ ಅಂತ ಹೇಳುವಷ್ಟು ಸೂಕ್ಷ್ಮ.

"ಶ್ರುತಿ ಅಲ್ಲ ಕಾಕಾ, ಮೀನಿನ ಪಂಪು" ಅಂದೆ.

"ಪಂಪೋ ಗಿಂಪೋ, ಪಂಚಮ ಹಿಡದೈತಿ. ಆದ್ರ ಕರಿ ಒಂದರ ಪಂಚಮಕ್ಕ ಹತ್ತಂಗಿಲ್ಲ, ಬಿಳಿ ಒಂದರದ್ದಕ್ಕ ಒಂದೆಳಿ ಮ್ಯಾಲ ಐತಿ. ನಡುವ ತೂಗ್ಯಾಡ್ತತಿ. ಅದಕ್ಕ ನಿದ್ದಿ ಬರವಲ್ದು."

ಮಾತು ಕೇಳಿ ನಗು ಬಂತು, ಆಮೇಲೆ ಕೂತು ಲೆಕ್ಕ ಹಾಕಿದರೆ ಕಾಕಾ ಹೇಳಿದ್ದು ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ನಮ್ಮ ಮನೆಗೆ ಬರುವ ಕರೆಂಟು ಸೆಕೆಂಡಿಗೆ 50 ಸುತ್ತು ಹಾಕುತ್ತದೆ. ಒಂದೊಂದು ಸುತ್ತಿನಲ್ಲೂ ಪಂಪಿನ ಸುರುಳಿ ಒಳಗಿನ ಅಯಸ್ಕಾಂತವನ್ನು ಎರಡು ಸಲ ಜಗ್ಗುತ್ತದೆ. ಹಾಗಾಗಿ ಪಂಪಿನ ಗುಂಯ್‌ಗುಡುವಿಕೆ ಸೆಕೆಂಡಿಗೆ 100 ಕಂಪನ. ಪೇಟಿಯ ಬಿಳಿ ಒಂದಕ್ಕೆ ಷಡ್ಜ ಇಟ್ಟುಕೊಂಡರೆ ಮಂದ್ರ ಪಂಚಮ 98ರ ಹತ್ತಿರ, ಕರಿ ಒಂದಕ್ಕೆ ಇಟ್ಟುಕೊಂಡರೆ 104ರ ಹತ್ತಿರ. ನೂರು ಇವೆರಡರ ನಡುವೆ, ಬಿಳಿ ಒಂದರ ಕಡೆಗೆ ವಾಲಿಕೊಂಡು. ಎರಡೂ ಕಡೆ ಸಲ್ಲದ ಸ್ವರ ಪಾಪ! ಸಿದ್ಧರಾಮ ಜಂಬಲದಿನ್ನಿಯವರ ವಚನಗಾಯನ ಕೇಳಿ ಬೆಳೆದ ಸೀಮೆ ನಮ್ಮದು. ಕಾಕಾನಂಥ ಕಿವಿಗಳು ಇಲ್ಲಿ ಇರುವುದು ದೊಡ್ಡ ಮಾತೇನಲ್ಲ. ಆದರೂ ನನಗೆ ಆವತ್ತು ಮೈ ಜುಮ್ಮೆಂದದ್ದು ಸುಳ್ಳಲ್ಲ.

ತೊಟ್ಟಿಯ ವಿಷಯಕ್ಕೆ ಬರುತ್ತೇನೆ. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರ. ಕಂಠಮಟ್ಟ ತುಂಬಿದರೆ 56 ಲೀಟರು, ನಾವು ತುಂಬುವುದು 50. ಒಳಗೆ ಮೂರು ಚಿನ್ನದ ಮೀನು. ತೊಟ್ಟಿಯ ಜೊತೆ ಬಂದ ಬೆರಳುದ್ದದ ಪಂಪು ಹೋದ ವರ್ಷವೇ ಕಣ್ಣು ಮುಚ್ಚಿತ್ತು. ಅದರ ಜಾಗಕ್ಕೆ ನಾನು ಹಾಕಿದ್ದು ಕೂಲರಿನ ಪಂಪು. ಯಾಕೆ ಹುಬ್ಬೇರಿಸುತ್ತೀರಿ? ಎರಡೂ ಒಂದೇ ತಾಯಿಯ ಮಕ್ಕಳು. ರಾಯಚೂರಿನ ಅಂಗಡಿಗಳಲ್ಲಿ ಮಾರ್ಚ್ ಬಂದೊಡನೆ ಕೂಲರಿನ ಹುಲ್ಲಿನ ಪಕ್ಕದಲ್ಲಿ ಗುಡ್ಡೆ ಹಾಕಿ ಮಾರುತ್ತಾರಲ್ಲ, ನೀಲಿ-ಕರಿ ಬಣ್ಣದ ಮುಷ್ಟಿಗಾತ್ರದ ಪಂಪು, ಅದರ ಡಬ್ಬದ ಮೇಲೆ ಒಂದು ಕಡೆ ಕೂಲರಿನ ಚಿತ್ರ, ಇನ್ನೊಂದು ಕಡೆ ಮೀನಿನ ಚಿತ್ರ. 18 ವ್ಯಾಟ್, ಆರಡಿ ಎತ್ತರಕ್ಕೆ ನೀರೆತ್ತುತ್ತದೆ ಅಂತ ಬರೆದಿರುತ್ತದೆ. ಮಾನ್ವಿಯಲ್ಲೂ ಅದೇ, ದೇವದುರ್ಗದ ಸಂತೆಯಲ್ಲೂ ಅದೇ. ನಮ್ಮ ಜಿಲ್ಲೆಯಲ್ಲಿ ಈ ಪಂಪು ಕಾಣದ ಮನೆ ಹುಡುಕಬೇಕು.

ಅಂದಹಾಗೆ, ಹೈದರಾಬಾದಿನಲ್ಲಿ ಕಂಪ್ಯೂಟರ್ ಕೆಲಸಕ್ಕಿರುವ ನನ್ನ ಅಳಿಯ ಇನ್ನೊಂದು ಸೋಜಿಗ ಹೇಳಿದ. ಹೊರದೇಶಗಳಲ್ಲಿ ಹುಡುಗರು ಹಿಂದೆ ಇದೇ ಮೀನಿನ ಪಂಪನ್ನು ಕಂಪ್ಯೂಟರಿನ ಡಬ್ಬದೊಳಗೆ ಕೂರಿಸಿ, ಅದರ ಮಿದುಳಿನ ಮೇಲೆ ತಣ್ಣೀರು ಹಾಯಿಸುತ್ತಿದ್ದರಂತೆ. ಫ್ಯಾನಿನ ಗದ್ದಲ ಬೇಡ ಅಂತ ನೀರು ಹಾಯಿಸಿದರೆ ಪಂಪು ಗುಂಯ್‌ಗುಟ್ಟಲು ಶುರು. ಆಮೇಲೆ ಪಂಪಿನ ಬಾಯಿ ಮುಚ್ಚಿಸುವುದೇ ಅವರಿಗೆ ಒಂದು ದೊಡ್ಡ ಕೆಲಸ. ನೋಡ್ರಿ, ಯಾವ ಊರಿಗೆ ಹೋದರೂ ಈ ಪಂಪಿನ ಗೋಳು ಒಂದೇ.

ನಾನೂ ಮೊದಲಿಗೆ ಅಂಗಡಿಗೇ ಹೋದೆ. "ಸೌಂಡ್ ಬಂತಾ? ಒಗೀರಿ, ಹೊಸಾದು ತಗೋರಿ" ಅಂದ ಹುಡುಗ. ಒಗೆಯುವುದಕ್ಕೆ ಮನಸ್ಸು ಬರಲಿಲ್ಲ. ಎತ್ತು ಕುಂಟಿದರೆ ಮೊದಲು ಗೊರಸು ಎತ್ತಿ ನೋಡುತ್ತೇವೆ, ಮುಳ್ಳು ಚುಚ್ಚಿದೆಯೋ ಅಂತ. ಪಂಪು ಕೂಗುತ್ತಿದೆ ಎಂದರೆ ಅದಕ್ಕೆ ಏನೋ ಆಗಿದೆ, ಅಷ್ಟೇ. ಅದು ಏನು ಅನ್ನುವುದು ತಿಳಿಯದೆ ಹೊಸದು ತಂದರೆ ಹೊಸದೂ ಮುಂದಿನ ಬ್ಯಾಸಗಿಗೆ ಕೂಗುತ್ತದೆ, ಹೌದಲ್ರೀ?

ಒಂದು ಭಾನುವಾರ ಮಧ್ಯಾಹ್ನ ಪ್ಲಗ್ ಕಿತ್ತು (ಇದನ್ನು ಮರೆಯಬೇಡಿ, ಮುಂದೆ ಹೇಳುತ್ತೇನೆ) ಪಂಪನ್ನು ಪರಾತದಲ್ಲಿಟ್ಟುಕೊಂಡು ಕೂತೆ. ಮುಂದಿನ ಜಾಲರಿ ತೆಗೆದರೆ ಒಳಗೆ ಪುಟ್ಟ ಪಂಕ. ಪಂಕವನ್ನು ಉಗುರಿನಲ್ಲಿ ಹಿಡಿದು ಎಳೆದರೆ ಹಿಂದೆಯೇ ಬರುತ್ತದೆ ಒಂದು ದುಂಡನೆಯ ಅಯಸ್ಕಾಂತ, ನಮ್ಮ ಕಿರುಬೆರಳಿನ ತುದಿಯಷ್ಟು. ಅದರ ನಡುವೆ ಹಾದುಹೋಗುವ ಬಿಳಿ ಪಿಂಗಾಣಿ ಕಡ್ಡಿ. ಮುಗಿಯಿತು, ಚಲಿಸುವ ಭಾಗ ಇಷ್ಟೇ. ಗ್ರೀಸ್ ಇಲ್ಲ, ಎಣ್ಣೆ ಇಲ್ಲ, ಬೇರಿಂಗ್ ಇಲ್ಲ. ಸುರುಳಿಯನ್ನು ಅಂಟಿನಲ್ಲಿ ಮುಚ್ಚಿ ಬೇರೆ ಕೋಣೆಯಲ್ಲಿ ಕೂಡಿಟ್ಟಿದ್ದಾರೆ. ಅಯಸ್ಕಾಂತ ಮಾತ್ರ ನೀರಿನಲ್ಲಿ ಈಜುತ್ತಾ ನಿಮಿಷಕ್ಕೆ 3000 ಸುತ್ತು ತಿರುಗುತ್ತದೆ. ಅದಕ್ಕೆ ಎಣ್ಣೆಯೂ ನೀರೇ, ತಂಪೂ ನೀರೇ.

ಇಲ್ಲೊಂದು ಚೆಂದದ ಸಂಗತಿ. ಆ ಪಂಕದ ರೆಕ್ಕೆಗಳು ಬಾಗಿಲ್ಲ, ನೆಟ್ಟಗೆ ನಿಂತಿವೆ. ಹೊಲದ ದೊಡ್ಡ ಮೋಟರಿನ ಪಂಕ ನೋಡಿದವರಿಗೆ ಇದು ವಿಚಿತ್ರ ಅನ್ನಿಸುತ್ತದೆ. ಕಾರಣ ಏನೆಂದರೆ ಈ ಅಯಸ್ಕಾಂತಕ್ಕೆ ಬಲ ಎಡ ಅನ್ನುವ ಭೇದ ಇಲ್ಲ. ಸ್ವಿಚ್ ಹಾಕಿದ ಗಳಿಗೆಯಲ್ಲಿ ಕರೆಂಟು ಯಾವ ಕಡೆ ಜಗ್ಗಿತೋ ಆ ಕಡೆ ತಿರುಗಲು ಶುರು. ಒಂದು ಸಲ ಬಲಕ್ಕೆ, ಇನ್ನೊಂದು ಸಲ ಎಡಕ್ಕೆ. ಎರಡು ಕಡೆಗೂ ನೀರು ತಳ್ಳಬೇಕಾದ್ದರಿಂದ ರೆಕ್ಕೆ ನೆಟ್ಟಗೆ. ನೀವೂ ಗಮನಿಸಿರುತ್ತೀರಿ, ಗರಗರ ಅನ್ನುವ ಪಂಪನ್ನು ಒಮ್ಮೆ ಆರಿಸಿ ಹಾಕಿದರೆ ಕೆಲವು ಸಲ ತಾನೇ ಸುಮ್ಮನಾಗುತ್ತದೆ. ದಿಕ್ಕು ಬದಲಾಗಿರುತ್ತದೆ, ಅಷ್ಟೇ. ಹಟಮಾರಿ ಕೂಸು ಮಗ್ಗುಲು ಬದಲಿಸಿ ಮಲಗಿದ ಹಾಗೆ.

ನಮ್ಮ ಪಂಪಿನ ಅಯಸ್ಕಾಂತದ ಮೈಮೇಲೆ ಬಿಳಿ ಚಿಪ್ಪು ಕೂತಿತ್ತು. ಉಗುರು ಹಾಕಿ ಕೆರೆದರೆ ಮರಳಿನಂತೆ ಉದುರಿತು. ಸುಣ್ಣ. ಬೋರಿನ ನೀರು ನಮ್ಮದು, ಒಂದು ವಾರ ಕಾಸಿದರೆ ಪಾತ್ರೆಯ ತಳಕ್ಕೆ ಸುಣ್ಣ ಬಳಿದ ಹಾಗೆ ಕಾಣುವ ನೀರು. ಅಯಸ್ಕಾಂತಕ್ಕೂ ಅದರ ಗೂಡಿಗೂ ನಡುವೆ ಇರುವ ಜಾಗ ಕಾಗದದ ದಪ್ಪ. ಅಲ್ಲಿ ಸುಣ್ಣ ಕೂತರೆ ಉಜ್ಜುತ್ತದೆ, ಉಜ್ಜಿದರೆ ಬಿಸಿ, ಬಿಸಿಯಾದರೆ ಇನ್ನಷ್ಟು ಸುಣ್ಣ. ಈ ಕೊನೆಯದನ್ನು ನಾನು ಒತ್ತಿ ಹೇಳಬೇಕು. ಸಕ್ಕರೆ ಬಿಸಿನೀರಿನಲ್ಲಿ ಚೆನ್ನಾಗಿ ಕರಗುತ್ತದೆ, ಸುಣ್ಣದ್ದು ಉಲ್ಟಾ. ನೀರು ಬಿಸಿಯಾದಷ್ಟೂ ಅದು ನೀರನ್ನು ಬಿಟ್ಟು ಗಟ್ಟಿಯಾಗಿ ಕೂರುತ್ತದೆ. ನೀರು ಕಾಸುವ ಕಾಯಿಲ್ ಮೇಲೆ ಬೀಳುವ ಹೊಪ್ಪಳೆ ನೋಡಿಲ್ಲವೇ? ಬ್ಯಾಸಗಿಯಲ್ಲೇ ಪಂಪು ಯಾಕೆ ಕೂಗುತ್ತದೆ, ಚಳಿಗಾಲದಲ್ಲಿ ಯಾಕೆ ಸುಮ್ಮನಿರುತ್ತದೆ ಅನ್ನುವುದು ನನಗೆ ಹೊಳೆದದ್ದು ಆ ಪರಾತದ ಮುಂದೆ. ಬರೀ ಸದ್ದು ಅಡಗಿಸಿದರೆ ಸಾಲದು, ತೊಟ್ಟಿಯನ್ನೇ ತಂಪು ಮಾಡಬೇಕು.

ಸುಣ್ಣ ಬಿಡಿಸುವುದು ಸುಲಭ. ಎರಡು ನಿಂಬೆಹಣ್ಣಿನ ರಸ, ಒಂದು ಬಟ್ಟಲು ನೀರು, ಒಂದು ತಾಸು ನೆನೆಸುವುದು. ಗುಳ್ಳೆ ಎದ್ದು ಎದ್ದು ಚಿಪ್ಪು ಕರಗುತ್ತದೆ. ಹಲ್ಲುಜ್ಜುವ ಹಳೇ ಬ್ರಷ್ಷಿನಿಂದ ತಿಕ್ಕಿ, ಮೂರು ನೀರಿನಲ್ಲಿ ತೊಳೆದು ಮತ್ತೆ ಕೂರಿಸಿದೆ. ಗರಗರ ಹೋಯಿತು. ಗುಂಯ್ ಉಳಿಯಿತು.

"ಪಂಚಮ ಹಂಗೇ ಐತಲ್ಲೋ" ಅಂದರು ಕಾಕಾ ಮರುದಿನ.

ಗುಂಯ್‌ಗುಡುವುದು ಪಂಪಿನ ಸ್ವಭಾವ, ಅದನ್ನು ಪೂರ್ತಿ ತೆಗೆಯಲಾಗದು. ಆದರೆ ಅಷ್ಟು ಸಣ್ಣ ಪಂಪಿನ ಸದ್ದು ಗೋಡೆಯಾಚೆ ಹೇಗೆ ಹೋಗುತ್ತದೆ? ಅದಕ್ಕೂ ಉತ್ತರ ಕಾಕಾನೇ ಕೊಟ್ಟರು. ಒಳಗೆ ಬಂದು ತೊಟ್ಟಿ ಇಟ್ಟಿದ್ದ ಮೇಜಿನ ಮೇಲೆ ಅಂಗೈ ಊರಿ ನಿಂತರು. "ಇದು ತಂಬೂರಿ ಬುರುಡಿ ಆಗೇತಿ" ಅಂದರು. ಖರೇನೇ. ಪಂಪಿನ ತಳದ ರಬ್ಬರ್ ಬಟ್ಟಲುಗಳು ಗಟ್ಟಿಯಾಗಿ ಕಲ್ಲಾಗಿದ್ದವು, ಪಂಪು ಗಾಜಿಗೆ ನಡುಕ ಕೊಡುತ್ತಿತ್ತು, ಗಾಜು ಮೇಜಿಗೆ, ಮೇಜಿನ ಟೊಳ್ಳು ಡ್ರಾಯರ್ ಅದನ್ನು ಊದಿ ಊರಿಗೆಲ್ಲಾ ಹಂಚುತ್ತಿತ್ತು. ತಂತಿಯೊಂದನ್ನೇ ಮೀಟಿದರೆ ಎಷ್ಟು ಕೇಳೀತು? ಬುರುಡೆ ಇದ್ದರೆ ತಾನೇ ನಾದ?

ಬುರುಡೆಯಿಂದ ತಂತಿಯನ್ನು ಬಿಡಿಸುವುದು ಈಗ ನನ್ನ ಕೆಲಸ. ನಮ್ಮ ಮನೆಯಾಕಿ ಹಳೇ ಕೌದಿ ಮಡಚಿ ತೊಟ್ಟಿಯ ಕೆಳಗೆ ಹಾಕೋಣ ಅಂದಳು. ಕೌದಿ ಮೆತ್ತಗೆ ನಿಜ, ಆದರೆ ಒಂದು ಕಡೆ ಉಬ್ಬು ಒಂದು ಕಡೆ ತಗ್ಗು; ಐವತ್ತು ಕಿಲೋ ನೀರು ಹೊತ್ತ ಗಾಜಿನ ತಳಕ್ಕೆ ಅದು ಆಗುವುದಿಲ್ಲ, ಸೀಳುತ್ತದೆ. ನೀರೆಲ್ಲ ಬಕೆಟ್ಟಿಗೆ ಬಸಿದು, ತೊಟ್ಟಿ ಎತ್ತಿ, ಟೀವಿ ಡಬ್ಬದಲ್ಲಿ ಬಂದಿದ್ದ ಥರ್ಮಾಕೋಲಿನ ಹಾಳೆ ಸಮನಾಗಿ ಕೊಯ್ದು ಕೆಳಗೆ ಹಾಸಿದೆ. ಸೈಕಲ್ಲಿನ ಹಳೇ ಟ್ಯೂಬಿನಿಂದ ನಾಲ್ಕು ಪಟ್ಟಿ ಕತ್ತರಿಸಿ, ತೊಟ್ಟಿಯ ಮೇಲೆ ಅಡ್ಡ ಇಟ್ಟ ಬಿದಿರು ಕೋಲಿಗೆ ಪಂಪನ್ನು ಜೋಲಿ ಕಟ್ಟಿದೆ. ಈಗ ಪಂಪು ತಳವನ್ನೂ ಮುಟ್ಟುವುದಿಲ್ಲ, ಗಾಜನ್ನೂ ಮುಟ್ಟುವುದಿಲ್ಲ. ನೀರಿನೊಳಗೆ ತೊಟ್ಟಿಲಲ್ಲಿ ಮಲಗಿದ ಕೂಸು.

ಆವತ್ತು ರಾತ್ರಿ ಕಾಕಾ ಏನೂ ಅನ್ನಲಿಲ್ಲ. ಆದರೆ ಮೀನು ಅಂದವು.

ಮೀನು ಮಾತಾಡುತ್ತವೆ, ಬಾಯಿಂದಲೇ. ಮರುದಿನ ಮಧ್ಯಾಹ್ನ ಮೂರರ ಹೊತ್ತಿಗೆ ಮೂರೂ ಮೀನು ಮೇಲೆ ಬಂದು ಗುಟುಕು ಗುಟುಕಾಗಿ ಗಾಳಿ ಕಚ್ಚುತ್ತಿದ್ದವು. ನನಗೆ ನಮ್ಮ ಕಾಲುವೆ ನೆನಪಾಯಿತು. ತುಂಗಭದ್ರಾ ಎಡದಂಡೆ ಕಾಲುವೆ 227 ಕಿಲೋಮೀಟರು ಹರಿದು ನಮ್ಮ ಕಡೆ ಬರುವ ಹೊತ್ತಿಗೆ ಸುಸ್ತಾಗಿರುತ್ತದೆ. ಬ್ಯಾಸಗಿಗೆ ನೀರು ಬಂದ್ ಮಾಡಿದಾಗ ತಗ್ಗುಗಳಲ್ಲಿ ಉಳಿದ ನೀರಿನಲ್ಲಿ ಮೀನು ಸಿಕ್ಕಿಕೊಳ್ಳುತ್ತಿದ್ದವು. ನಾವು ಹುಡುಗರು ಮಧ್ಯಾಹ್ನ ಶಾಲೆ ಬಿಟ್ಟೊಡನೆ ಅಲ್ಲಿಗೆ ಓಡುತ್ತಿದ್ದೆವು. ನೀರಿಗೆ ಕೈ ಹಾಕಿದರೆ ಜಳಕದ ನೀರಿನ ಹಾಗೆ ಬೆಚ್ಚಗೆ. ನೂರಾರು ಬಾಯಿಗಳು ಮೇಲೆ ಬಂದು ಪಿಚಕ್ ಪಿಚಕ್ ಅನ್ನುತ್ತಿದ್ದವು. "ಹಸದಾವು ಪಾಪ" ಅಂತ ಸಜ್ಜಿರೊಟ್ಟಿ ಚೂರು ಹಾಕಿದ್ದೆ. ತಿನ್ನಲಿಲ್ಲ. ಅದು ಹಸಿವಾಗಿರಲಿಲ್ಲ, ಉಸಿರಾಗಿತ್ತು. ತಿಳಿದದ್ದು ಎಷ್ಟೋ ವರ್ಷದ ಮೇಲೆ.

20 ಡಿಗ್ರಿಯ ನೀರಿನಲ್ಲಿ ಲೀಟರಿಗೆ 9 ಮಿಲಿಗ್ರಾಂ ಆಮ್ಲಜನಕ ನಿಲ್ಲುತ್ತದೆ. 35 ಡಿಗ್ರಿಗೆ ಏರಿದರೆ 7 ಮಾತ್ರ. ಅದೇ ಹೊತ್ತಿಗೆ ಬಿಸಿ ನೀರಿನಲ್ಲಿ ಮೀನಿನ ಮೈ ಹೆಚ್ಚು ಉಸಿರು ಬೇಡುತ್ತದೆ. ಆದಾಯ ಕಡಿಮೆ, ಖರ್ಚು ಹೆಚ್ಚು. ಸಂಸಾರ ಹೇಗೆ ನಡೆದೀತು? ಚಿನ್ನದ ಮೀನಂತೂ ತಂಪು ನೀರಿನ ಜೀವ. ನಮ್ಮ ತೊಟ್ಟಿಯಲ್ಲಿ ಥರ್ಮಾಮೀಟರ್ ಇಳಿಸಿದರೆ 34.

ಅದರಲ್ಲಿ ಪಂಪಿನ ಪಾಲೂ ಇದೆ, ಗೊತ್ತೇನು? ಪಂಪು ತಿನ್ನುವ ಕರೆಂಟೆಲ್ಲ ಕೊನೆಗೆ ಬಿಸಿಯಾಗಿ ನೀರಿಗೇ ಸೇರುತ್ತದೆ. 18 ವ್ಯಾಟಿನ ಪಂಪು ದಿನವಿಡೀ ಓಡಿದರೆ 432 ವ್ಯಾಟ್‌ತಾಸು, ಸುಮಾರು 370 ಕಿಲೋಕ್ಯಾಲೊರಿ. ಒಂದು ಲೀಟರು ನೀರನ್ನು ಒಂದು ಡಿಗ್ರಿ ಏರಿಸಲು ಒಂದು ಕಿಲೋಕ್ಯಾಲೊರಿ ಸಾಕು. ಐವತ್ತು ಲೀಟರಿಗೆ ಭಾಗಿಸಿದರೆ ಏಳು ಡಿಗ್ರಿಗಿಂತ ಒಂದಿಷ್ಟು ಮೇಲೆ! ಬಿಸಿ ಹೊರಹೋಗಲು ದಾರಿಯೇ ಇಲ್ಲದಿದ್ದರೆ ಒಂದೇ ದಿನದಲ್ಲಿ ಅಷ್ಟು ಏರುತ್ತಿತ್ತು. ಪುಣ್ಯಕ್ಕೆ ನೀರಿನ ಮೇಲ್ಮೈಯಿಂದ, ಗಾಜಿನಿಂದ ಹೋಗುತ್ತದೆ. ಆದರೆ ಹೊರಗೇ 42 ಇರುವಾಗ ಗಾಜಿನಿಂದ ಹೋಗುವುದೆಲ್ಲಿ, ಬರುವುದೇ. ಉಳಿಯುವುದು ಒಂದೇ ದಾರಿ, ಆವಿ.

ಈ ಲೆಕ್ಕದ ಇನ್ನೊಂದು ಅರ್ಧ ನನಗೆ ಬಹಳ ಇಷ್ಟ. ಒಂದು ಲೀಟರು ನೀರು ಆವಿಯಾಗಿ ಹೋಗುವಾಗ ಸುಮಾರು 580 ಕಿಲೋಕ್ಯಾಲೊರಿ ಬಿಸಿಯನ್ನು ಹೊತ್ತುಕೊಂಡು ಹೋಗುತ್ತದೆ. ಅಂದರೆ ಪಂಪು ಇಡೀ ದಿನ ಸುರಿದ ಬಿಸಿಯನ್ನು ಹೊರಹಾಕಲು ಮುಕ್ಕಾಲು ಲೀಟರಿಗಿಂತ ಕಡಿಮೆ ನೀರು ಆರಿದರೆ ಸಾಕು. ಒಂದು ತಂಬಿಗಿ ನೀರು! ನಮ್ಮ ಒಣಹವೆಯಲ್ಲಿ ಒಂದು ತಂಬಿಗಿ ನೀರು ಆರುವುದು ಎಷ್ಟರ ಮಾತು, ಹೌದಲ್ಲ? ಹಸಿ ಧೋತರ ಹಿಂಡಿ ಹಗ್ಗಕ್ಕೆ ಹಾಕಿ ತಿರುಗುವಷ್ಟರಲ್ಲಿ ಹಪ್ಪಳವಾಗುವ ಊರಿದು. ಮಂಗಳೂರಿನವರಿಗೆ ಈ ಭಾಗ್ಯವಿಲ್ಲ. ಅಲ್ಲಿ ಗಾಳಿಯೇ ಹಸಿ.

ನಮ್ಮ ಹಿರಿಯರು ಇದನ್ನು ಲೆಕ್ಕವಿಲ್ಲದೆಯೇ ಬಲ್ಲವರು. ರಂಜಣಗಿ ನೆನಪಿದೆಯಲ್ಲ? ಪಡಸಾಲೆಯ ಮೂಲೆಯಲ್ಲಿ ಹಸಿ ಉಸುಕಿನ ಮೇಲೆ ಕೂರುತ್ತಿತ್ತು. ಅವ್ವ ಆ ಉಸುಕಿನಲ್ಲಿ ಮೆಂತೆ ಚೆಲ್ಲುತ್ತಿದ್ದಳು, ವಾರದೊಳಗೆ ರಂಜಣಗಿಯ ಸುತ್ತ ಹಸಿರು ಸೆರಗು. ಮಣ್ಣಿನ ಮೈ ಬೆವರುತ್ತಿತ್ತು, ಒಳಗಿನ ನೀರು ಹಲ್ಲು ಜುಂ ಅನ್ನುತ್ತಿತ್ತು. ನಿಜಾಮರ ಕಾಲದ ಕಚೇರಿಗಳಲ್ಲಿ ಬಾಗಿಲಿಗೆ ಲಾವಂಚದ ತಟ್ಟಿ ಕಟ್ಟಿ ನೀರು ಚಿಮುಕಿಸುತ್ತಿದ್ದರೆಂದು ಅಜ್ಜ ಹೇಳುತ್ತಿದ್ದ. ಇವತ್ತಿನ ಕೂಲರ್ ಅಂದರೆ ಅದೇ ತಟ್ಟಿಗೆ ಒಂದು ಫ್ಯಾನು, ಒಂದು ಪಂಪು ಸೇರಿದ್ದು. ಮತ್ತೆ ಅದೇ ಪಂಪು!

ಉಪಾಯ ಹೊಳೆದದ್ದು ಗುಡಿಯಲ್ಲಿ. ಈಶ್ವರನ ಗುಡಿಯಲ್ಲಿ ಬ್ಯಾಸಗಿಗೆ ಲಿಂಗದ ಮೇಲೆ ಧಾರಾಪಾತ್ರೆ ತೂಗುಹಾಕುತ್ತಾರಲ್ಲ, ತಳದಲ್ಲಿ ತೂತು, ತೂತಿನಲ್ಲಿ ದರ್ಭೆ, ದರ್ಭೆಯ ಗುಂಟ ನೀರಿನ ಎಳೆ. ಸದ್ದಿಲ್ಲ. ಹನಿ ಬೀಳುವುದೂ ಕೇಳುವುದಿಲ್ಲ. ಕೈ ಮುಗಿದು ನಿಂತವನಿಗೆ ತಟ್ಟನೆ ಅನ್ನಿಸಿತು, ಮೀನಿಗೂ ಹೀಗೊಂದು ಧಾರೆ ಹಿಡಿದರೆ?

ಕುಂಬಾರರ ಮನೆಗೆ ಹೋದೆ. ಅಗಲ ಬಾಯಿಯ, ತೆಳು ಮೈಯ ಗಡಿಗಿ ಬೇಕು, ತಳದಲ್ಲಿ ಹೆಬ್ಬೆರಳು ತೂರುವಷ್ಟು ತೂತು ಬೇಕು ಅಂದೆ. ಅಜ್ಜಿ ನನ್ನ ಮುಖ ನೋಡಿದಳು. ತೂತಿನ ಗಡಿಗಿ ಕೇಳಿಕೊಂಡು ಬರುವವರು ಯಾರು ಹೇಳಿ, ನಮ್ಮಲ್ಲಿ ಅದು ಬೇಕಾಗುವುದು ಸಾವಿನ ಹೊತ್ತಿಗೆ. "ಮೀನಿಗೆ ಅಜ್ಜಿ, ಮೀನಿನ ನೀರು ತಂಪು ಮಾಡಾಕ" ಅಂತ ಬಿಡಿಸಿ ಹೇಳಿದ ಮೇಲೆ ಅವಳ ಮುಖ ಅರಳಿತು. "ಸುಟ್ಟ ಗಡಿಗಿಗೆ ತೂತು ಹಾಕಿದ್ರ ಬಿರುಕು ಬಿಡ್ತದ. ಹಸೀದಿದ್ದಾಗ ಹಾಕಿ ಸುಡತೀನಿ, ಎಂಟು ದಿನ ತಡಿ" ಅಂದಳು. ತಡೆದೆ. ಜೊತೆಗೆ ಒಡೆದ ಗಡಿಗಿಯ ಚೂರು ಒಂದು ಬುಟ್ಟಿ ಕೇಳಿ ತಂದೆ. ಹೊಸ ಗಡಿಗಿಯನ್ನೂ ಚೂರುಗಳನ್ನೂ ನಾಲ್ಕು ದಿನ ನೀರು ಬದಲಿಸಿ ಬದಲಿಸಿ ನೆನೆಸಿಟ್ಟೆ, ಮಣ್ಣಿನ ಘಾಟು ಹೋಗಲಿ ಅಂತ.

ಕಟ್ಟಿದ್ದು ಹೀಗೆ. ತೊಟ್ಟಿಯ ಪಕ್ಕ ಕಬ್ಬಿಣದ ಮುಕ್ಕಾಲಿ, ಅದರ ಮೇಲೆ ಗಡಿಗಿ, ತೊಟ್ಟಿಯ ಬಾಯಿಗಿಂತ ಒಂದು ಗೇಣು ಎತ್ತರಕ್ಕೆ, ಅರ್ಧ ತೊಟ್ಟಿಯ ಮೇಲೆ ಚಾಚಿಕೊಂಡಂತೆ. ಗಡಿಗಿಯ ತುಂಬ ಹರಳುಗಾತ್ರದ ಮಣ್ಣಿನ ಚೂರು. ಜೋಲಿಯಲ್ಲಿ ತೂಗುವ ಪಂಪಿನಿಂದ ಒಂದು ಪೈಪು ಮೇಲೆ ಏರಿ ಚೂರುಗಳ ಮೇಲೆ ನೀರು ಸುರಿಯುತ್ತದೆ. ನೀರು ಚೂರುಗಳ ಸಂದಿಯಲ್ಲಿ ಇಳಿದು, ಗಡಿಗಿಯ ಮೈಗೆ ಇಂಗಿ, ತಳದ ತೂತಿನಿಂದ ತೊಟ್ಟಿಗೆ ವಾಪಸು. ಮೊದಲ ದಿನ ಜಳಜಳ ಅನ್ನುವ ಸದ್ದು ಬಂತು, ಪಂಪಿನ ಸದ್ದಿಗಿಂತ ಹೆಚ್ಚು! ಆಗ ದರ್ಭೆ ನೆನಪಾಗಿ, ಹತ್ತಿಯ ದಪ್ಪ ಹುರಿ ಹೊಸೆದು ತೂತಿನಿಂದ ನೀರಿನ ಮಟ್ಟದವರೆಗೆ ಇಳಿಬಿಟ್ಟೆ. ಹತ್ತಿಗೆ ನಮ್ಮಲ್ಲಿ ಬರವೇ? ನೀರು ಹುರಿಯನ್ನು ಅಪ್ಪಿಕೊಂಡು ಇಳಿಯಿತು. ಸದ್ದು ಅಡಗಿತು.

ನೀರಿನ ಓಟ ಇನ್ನೂ ಹೆಚ್ಚೆನಿಸಿದಾಗ ಪೈಪಿನ ಬಾಯಿಗೆ ಒಂದು ಕಡ್ಡಿ ಸಿಕ್ಕಿಸಿ ತಗ್ಗಿಸಿದೆ. ಇಲ್ಲಿ ಒಂದು ಮಾತು ಮರೆಯಬಾರದು. ಪಂಪು ಉಗುಳುವ ಕಡೆ ಬಿಗಿ ಮಾಡಿದರೆ ಅದಕ್ಕೆ ಕೆಲಸ ಹಗುರ. ನುಂಗುವ ಕಡೆ ಬಿಗಿ ಮಾಡಿದರೆ ಗಂಟಲು ಹಿಸುಕಿದ ಹಾಗೆ, ಗೊರಗೊರ ಶುರು. ಕೂಲರುಗಳಲ್ಲಿ ಹುಲ್ಲಿನ ಚೂರು ಜಾಲರಿಗೆ ಕಟ್ಟಿಕೊಂಡು ಆಗುವುದು ಇದೇ. ನಾನು ಜಾಲರಿಗೆ ಸ್ಪಂಜಿನ ಟೊಪ್ಪಿಗೆ ಹಾಕಿದ್ದೇನೆ, ವಾರಕ್ಕೊಮ್ಮೆ ತೊಟ್ಟಿಯ ನೀರಿನಲ್ಲೇ ಹಿಂಡುತ್ತೇನೆ.

ಮೂರನೇ ದಿನ ಮಧ್ಯಾಹ್ನ ಥರ್ಮಾಮೀಟರ್ 29 ತೋರಿಸಿತು. ಹೊರಗೆ ಬಿಸಿಲು ಕಾದ ಹಂಚು. ಗಡಿಗಿಯ ಮೈ ಮುಟ್ಟಿದರೆ ಎಮ್ಮೆಯ ಮೂಗಿನ ಹಾಗೆ ತಣ್ಣಗೆ, ತೇವ. ಮಗಳು ಗಡಿಗಿಗೆ ಕೆನ್ನೆ ಒತ್ತಿ ನಿಂತಿದ್ದಳು. ಮೂರು ಮೀನೂ ತಳದಲ್ಲಿ ಹರಳು ಹೆಕ್ಕುತ್ತಿದ್ದವು, ಮೇಲೆ ಒಂದೂ ಇಲ್ಲ. ನನಗೆ ಆದ ಸಂತೋಷ ಹೇಳಿ ತೀರದು. ಅಲ್ಲ, ನೀವೇ ಹೇಳಿ, ಉಸಿರಿಗಾಗಿ ಬಾಯಿ ಬಿಡುತ್ತಿದ್ದ ಜೀವ ಕೆಳಗಿಳಿದು ಆಟಕ್ಕೆ ಹತ್ತಿತೆಂದರೆ ಅದು ಸಣ್ಣ ಸಂಗತಿಯೇ?

ಇನ್ನೊಂದು ಲಾಭ ಆಮೇಲೆ ತಿಳಿಯಿತು. ಆ ಮಣ್ಣಿನ ಚೂರುಗಳಲ್ಲಿ ಕಣ್ಣಿಗೆ ಕಾಣದ ಸಣ್ಣ ಸಣ್ಣ ತೂತು ಲಕ್ಷಾಂತರ. ಅಲ್ಲಿ ಒಳ್ಳೆಯ ಬ್ಯಾಕ್ಟೀರಿಯಾ ಮನೆ ಮಾಡಿಕೊಂಡು ಮೀನಿನ ಹೊಲಸಿನ ಅಮೋನಿಯಾವನ್ನು ನೈಟ್ರೇಟ್ ಆಗಿ ಬದಲಿಸುತ್ತವೆ. ನೀರು ಮೊದಲಿಗಿಂತ ತಿಳಿ. ವಾರವಾರ ತೆಗೆದ ಒಂದು ಬಕೆಟ್ ನೀರನ್ನು ಮನೆಯಾಕಿ ಕರಿಬೇವಿನ ಗಿಡಕ್ಕೆ ಹಾಕುತ್ತಾಳೆ; ಈ ವರ್ಷದ ಚಿಗುರು ನೋಡಿದರೆ ಹೆಚ್ಚಿಗೆ ಹೇಳಬೇಕಾಗಿಲ್ಲ.

ಆರಿಹೋದ ನೀರಿಗೆ ಬದಲು ನೀರು ಹಾಕಬೇಕಲ್ಲ, ಅದಕ್ಕೆ ಬೋರಿನ ನೀರು ಬೇಡ. ಆವಿಯಾಗಿ ಹೋಗುವುದು ಬರೀ ನೀರು. ಉಪ್ಪು ಸುಣ್ಣ ಎಲ್ಲ ತೊಟ್ಟಿಯಲ್ಲೇ ಉಳಿಯುತ್ತವೆ. ಮೇಲಿಂದ ಮೇಲೆ ಬೋರಿನ ನೀರೇ ಸುರಿದರೆ ಸುಣ್ಣ ದಿನದಿನಕ್ಕೂ ಗಟ್ಟಿ. ನಾನು ಶುದ್ಧ ನೀರಿನ ಘಟಕದಿಂದ ತರುವ ಕುಡಿಯುವ ಕ್ಯಾನಿನಲ್ಲೇ ಮೀನಿಗೂ ದಿನಕ್ಕೆರಡು ತಂಬಿಗಿ ಎತ್ತಿಡುತ್ತೇನೆ. ಗಡಿಗಿಯ ಹೊರಮೈಯಲ್ಲಿ ಆಗಲೇ ಬಿಳಿ ಗೆರೆ ಮೂಡಿದೆ ನೋಡಿ. ಪಂಪಿನ ಒಳಗೆ ಕೂರಬೇಕಾಗಿದ್ದ ಸುಣ್ಣ ಗಡಿಗಿಯ ಮೈಮೇಲೆ ಕೂತಿದೆ. ಕೂರಲಿ, ಅಲ್ಲಿದ್ದರೆ ಯಾರಿಗೂ ತೊಂದರೆಯಿಲ್ಲ. ಮಳೆಗಾಲಕ್ಕೆ ಗಾಳಿ ಹಸಿಯಾದಾಗ ಈ ಗಡಿಗಿ ಬೆವರುವುದಿಲ್ಲ. ಆಗ ಅದರ ತಂಪು ಬೇಕಾಗಿಯೂ ಇರುವುದಿಲ್ಲ.

ಪ್ಲಗ್ಗಿನ ಮಾತು ಹೇಳುತ್ತೇನೆ ಅಂದಿದ್ದೆ. ಇದನ್ನು ಮಾತ್ರ ಹರಟೆ ಅಂತ ತಿಳಿಯಬೇಡಿ. ನಮ್ಮ ಸೀಮೆಯಲ್ಲಿ ಪ್ರತಿ ಬ್ಯಾಸಗಿಗೂ ಕೂಲರ್ ಶಾಕ್ ಹೊಡೆದು ಸತ್ತವರ ಸುದ್ದಿ ಬರುತ್ತದೆ. ನೀರು ತುಂಬಲು ಹೋದ ಹೆಣ್ಣುಮಕ್ಕಳು, ತಂಪಿಗೆ ಕೈಯೊಡ್ಡಿದ ಕೂಸುಗಳು. ತಗಡಿನ ಮೈ, ಕಾಲಡಿ ಹಸಿ ಪರ್ಸಿ, ಹಳೇ ಪಂಪಿನ ಬಿರುಕು ಬಿಟ್ಟ ಅಂಟು; ಇಷ್ಟು ಸೇರಿದರೆ ಆಯಿತು. ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ ಕಿತ್ತೇ ನೀರಿಗೆ ಕೈ ಹಾಕಬೇಕು. ಪಂಪಿನ ವೈರು ತೊಟ್ಟಿಯಿಂದ ನೇರ ಪ್ಲಗ್ಗಿಗೆ ಹೋಗಬಾರದು, ಪ್ಲಗ್ಗಿಗಿಂತ ಕೆಳಗೆ ಒಂದು ಜೋಲು ಬಿಟ್ಟು ಮೇಲೇರಬೇಕು. ವೈರಿನ ಗುಂಟ ಇಳಿದ ಹನಿ ಆ ಜೋಲಿನಲ್ಲೇ ತೊಟ್ಟಿಕ್ಕುತ್ತದೆ. ಮೂರು ಕಾಲಿನ ಪ್ಲಗ್ಗಿನ ದಪ್ಪ ಕಾಲು ಮುರಿದು ಎರಡು ತೂತಿಗೆ ಸಿಕ್ಕಿಸುವವರನ್ನು ನೋಡಿದ್ದೇನೆ. ಆ ಮೂರನೇ ಕಾಲು ಜೀವ ಉಳಿಸುವ ಕಾಲು ಕಣ್ರೀ. ದಯಮಾಡಿ ಮುರಿಯಬೇಡಿ. ಪಂಪಿನ ಅಂಟು ಸೀಳಿದ್ದರೆ, ವೈರಿನ ತೊಗಲು ಸುಲಿದಿದ್ದರೆ ನಿಂಬೆ ಗಿಂಬೆ ಏನೂ ಬೇಡ, ಅದನ್ನು ಮಾತ್ರ ಒಗೆಯಿರಿ.

ಒಂದು ರಾತ್ರಿ ಕರೆಂಟು ಹೋಯಿತು. ಊರಿನ ಫ್ಯಾನು, ಕೂಲರು ಎಲ್ಲ ಒಟ್ಟಿಗೆ ನಿಂತಾಗ ಬರುವ ನಿಶ್ಶಬ್ದ ಎಂಥದ್ದು ಅಂತ ನಿಮಗೆ ಗೊತ್ತಲ್ಲ, ಕಿವಿಯಿಂದ ಹತ್ತಿ ತೆಗೆದ ಹಾಗೆ. ಇಷ್ಟು ಹೊತ್ತು ಇಷ್ಟು ಗದ್ದಲದಲ್ಲಿ ಇದ್ದೆವೇ ಅನ್ನಿಸುತ್ತದೆ. ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿ 1985ರಿಂದ ಕಲ್ಲಿದ್ದಲು ಸುಡುತ್ತಿದ್ದಾರೆ, ಎಂಟು ಘಟಕ, 1720 ಮೆಗಾವ್ಯಾಟ್. ನಮ್ಮ ಜಿಲ್ಲೆಯ ಕರೆಂಟು ನಾಡಿಗೆಲ್ಲ ಹೋಗುತ್ತದೆ. ಅಲ್ಲಿನ ಹಬೆಯನ್ನು ತಣಿಸಿ ಮತ್ತೆ ನೀರು ಮಾಡಲು ಕೃಷ್ಣೆಯ ನೀರೇ ಬೇಕು. ಅಷ್ಟು ದೊಡ್ಡ ಯಂತ್ರಕ್ಕೂ ತಂಪು ನೀರಿನದೇ ಚಿಂತೆ ಅಂತ ಕತ್ತಲಲ್ಲಿ ಕೂತು ಯೋಚಿಸುತ್ತಿದ್ದೆ. ಗಡಿಗಿಯಲ್ಲಿ ಉಳಿದ ನೀರು ಹುರಿಯ ಗುಂಟ ಇಳಿಯುತ್ತಲೇ ಇತ್ತು, ಕಾಲು ತಾಸಿನವರೆಗೂ. ಅಷ್ಟು ನೀರಿಗೆ ಜಾಗ ಇರಲೆಂದೇ ತೊಟ್ಟಿಯ ಬಾಯಿಗೆ ಎರಡು ಬೆರಳು ಬಿಟ್ಟಿರುತ್ತೇನೆ.

ಕರೆಂಟು ಬಂತು. ನಾನು ಕಿವಿಯಾನಿಸಿ ಕೂತೆ. ಬೀದಿಯ ಕೂಲರುಗಳೆಲ್ಲ ಒಂದೊಂದಾಗಿ ಎದ್ದವು. ನಮ್ಮ ಪಂಪು ಎದ್ದದ್ದು ಗೊತ್ತಾಗಲಿಲ್ಲ. ಎದ್ದು ಹೋಗಿ ಗಡಿಗಿಯೊಳಗೆ ಬೆರಳು ಹಾಕಿ ನೀರು ಬರುತ್ತಿದೆ ಅಂತ ಖಾತ್ರಿ ಮಾಡಿಕೊಂಡೆ.

"ತಮ್ಮಾ" ಅಂತ ಕತ್ತಲಿನಿಂದ ದನಿ ಬಂತು. "ನಿಂದು ಬಂದ್ ಆಗೇತೇನು?"

"ಇಲ್ಲ ಕಾಕಾ, ಓಡ್ಲಿಕತ್ತದ."

"ಹಂಗಾದ್ರ ಈ ಗುಂಯ್ ಅನ್ನೋದು ಯಾರದು?"

ಇಬ್ಬರೂ ಸುಮ್ಮನೆ ಕೇಳಿದೆವು. ಅದು ಕಾಕಾನ ಮನೆಯ ಕೂಲರು. ಇಷ್ಟು ದಿನ ನಮ್ಮ ತೊಟ್ಟಿಯ ಪಂಚಮದಲ್ಲಿ ಅದರ ದನಿ ಮುಚ್ಚಿಹೋಗಿತ್ತು.

ನಿನ್ನೆ ಸಂಜೆ ಆ ಪಂಪನ್ನು ಟವಲಿನಲ್ಲಿ ಸುತ್ತಿ ತಂದು ಗೋಡೆಯ ಮೇಲಿಟ್ಟರು, ಶ್ರುತಿ ಮಾಡಲು ಪೇಟಿ ಕೊಡುವವರ ಹಾಗೆ. ಬಿಚ್ಚಿದರೆ ನಮ್ಮದಕ್ಕಿಂತ ದಪ್ಪ ಚಿಪ್ಪು, ಜಾಲರಿಯ ತುಂಬ ಹುಲ್ಲು. ಪಿಂಗಾಣಿ ಕಡ್ಡಿ ಮಾತ್ರ ಗಟ್ಟಿಯಿದೆ. ಮನೆಯಲ್ಲಿ ನಿಂಬೆಹಣ್ಣು ಮುಗಿದಿವೆ, ಬ್ಯಾಸಗಿಯಲ್ಲಿ ಅದರ ದರ ನಿಮಗೆ ಗೊತ್ತೇ ಇದೆ. ಹುಣಸೆಹಣ್ಣು ನೆನೆಹಾಕಿದ್ದೇನೆ, ಕಿವುಚಿ ಸುರಿಯಬೇಕು.